ಅಂಗಳದ ಹಾವು ಯಾವುದು? ಗುರುತು ಹಿಡಿಯುವುದು ಹೀಗೆ

ಮಳೆ ಹಿಡಿಯುತ್ತಿದ್ದಂತೆ ಮೂಡಿಗೆರೆ, ಸಕಲೇಶಪುರದ ಕಡೆ ಸೌದೆ ಕೊಟ್ಟಿಗೆಯಲ್ಲೋ ಹೂಕುಂಡದ ಸಂದಿನಲ್ಲೋ ಹಾವು ಕಾಣುವುದು ಮಾಮೂಲು. ದೊಣ್ಣೆ ಹುಡುಕಬೇಡಿ. ಮೊದಲು ಎರಡು ಮಾರು ಹಿಂದೆ ಸರಿಯಿರಿ. ಸಾಮಾನ್ಯವಾಗಿ ಹಾವು ಎರಗುವುದು ತನ್ನ ಉದ್ದದ ಅರ್ಧದಷ್ಟು ದೂರದೊಳಗೆ ಮಾತ್ರ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕಳಿಸಿ, ಅಲ್ಲಿಂದಲೇ ಜೂಮ್ ಮಾಡಿ ಫೋಟೊ ತೆಗೆಯಿರಿ.

ಈಗ ಕತ್ತು ನೋಡಿ. ನಾಗರಹಾವು ಹೆಡೆಯನ್ನು ಅಗಲಕ್ಕೆ ಬಿಚ್ಚುತ್ತದೆ. ಕೇರೆಯೂ ಹೆದರಿದರೆ ಕತ್ತು ಉಬ್ಬಿಸಿ ಗುರುಗುಟ್ಟುತ್ತದೆ, ಆದರೆ ಅದರ ಕತ್ತು ಎರಡೂ ಪಕ್ಕದಿಂದ ಅದುಮಿದಂತೆ ಕಾಣುತ್ತದೆ. ಕೇರೆಯ ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಗೀರುಗಳು. ಬಣ್ಣವನ್ನು ಮಾತ್ರ ನಂಬಬೇಡಿ. ಹೆಡೆ ಬಿಚ್ಚದ ನಾಗರವನ್ನು ಕೇರೆ ಎಂದುಕೊಂಡು ಬಾಲ ಹಿಡಿಯಲು ಹೋದರೆ ಅಪಾಯ.

ನಿಜವಾಗಿ ಕಷ್ಟವಿರುವುದು ಕಟ್ಟುಹಾವಿನಲ್ಲಿ. ಗೋಡೆ ಹತ್ತುವ, ವಿಷವಿಲ್ಲದ ತೋಳದ ಹಾವು ನೋಡಲು ಅದರಂತೆಯೇ. ಪಟ್ಟೆ ಎಲ್ಲಿಂದ ಶುರುವಾಗುತ್ತದೆ ನೋಡಿ. ತೋಳದ ಹಾವಿನ ಪಟ್ಟೆ ಕತ್ತಿನ ಹತ್ತಿರವೇ ಎದ್ದು ಕಂಡು, ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿನದು ಮಿರುಗುವ ಕಪ್ಪು ಮೈ. ಕತ್ತಿನ ಬಳಿ ಪಟ್ಟೆ ಇಲ್ಲದಂತಿದ್ದು, ಬಾಲದ ಕಡೆಗೆ ತೆಳು ಬಿಳಿ ಗೆರೆಗಳು ಜೋಡಿಜೋಡಿಯಾಗಿ ನಿಚ್ಚಳವಾಗುತ್ತವೆ. ಫೋಟೊ ಹಿಗ್ಗಿಸಿದರೆ ಬೆನ್ನಿನ ನಡುಸಾಲಿನಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳೂ ಕಂಡಾವು. ಅನುಮಾನವಿದ್ದರೆ ಕಟ್ಟುಹಾವು ಎಂದೇ ತಿಳಿಯಿರಿ. ಹಗಲಲ್ಲಿ ಇದು ಸುರುಳಿಯೊಳಗೆ ತಲೆ ಬಚ್ಚಿಟ್ಟು ಮಲಗುತ್ತದೆ, ಅದನ್ನು ಸಾಧು ಎಂದು ಭಾವಿಸಬಾರದು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ಎಷ್ಟೋ ಸಲ ನೋವೂ ಇಲ್ಲ, ಬಾವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದಾಗಲೇ ಗೊತ್ತಾಗುವುದು.

ಕೊಳಕುಮಂಡಲದ ಬೆನ್ನಿನ ಮೇಲೆ ಸರಪಳಿಯಂಥ ಮೂರು ಸಾಲು ಮಚ್ಚೆ. ಕೆಣಕಿದರೆ ಕುಕ್ಕರಿನಂತೆ ಬುಸುಗುಟ್ಟುತ್ತದೆ. ಓಡಿಹೋಗುವ ಜಾತಿಯಲ್ಲ, ದರಗಿನಲ್ಲಿ ಬಿದ್ದಿರುತ್ತದೆ. ಆದ್ದರಿಂದ ಕೈ ಹಾಕುವ ಮೊದಲು ಕೋಲಿನಿಂದ ದರಗು ಸರಿಸಿ.

ಕಾಫಿ ಹಣ್ಣು ಕೊಯ್ಯುವಾಗ ರೆಂಬೆಯ ಮೇಲೆ ಅಲುಗಾಡದೆ ಕೂತ ಗುಳಿಮಂಡಲವನ್ನೂ ಗಮನಿಸಿ. ಹಸಿರು, ಹಳದಿ, ಕಂದು, ಯಾವ ಬಣ್ಣದಲ್ಲೂ ಇರಬಹುದು. ನಮ್ಮಲ್ಲಿ ಸಿಗುವ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ತಯಾರಾದದ್ದು, ಗುಳಿಮಂಡಲಕ್ಕಲ್ಲ. ಹಾಗಾಗಿ ವೈದ್ಯರಿಗೆ ಆ ಫೋಟೊ ತುಂಬ ಉಪಯೋಗ.

ಬುಸುಗುಟ್ಟುವುದೂ ಹೆಡೆ ಎತ್ತುವುದೂ ದೂರ ಇರು ಎಂಬ ಎಚ್ಚರಿಕೆ. ಹಿಂದೆ ಸರಿದು ದಾರಿ ಬಿಟ್ಟರೆ ಹೆಚ್ಚಿನವು ತಾವೇ ಹೋಗುತ್ತವೆ. ಹೋಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯಡಿ ಇವಕ್ಕೆ ರಕ್ಷಣೆಯಿದೆ.

ಕಚ್ಚಿಬಿಟ್ಟರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ಬಾವು ಬರುವ ಮೊದಲೇ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಹಲಗೆ ಕೊಟ್ಟು, ನಡೆಸದೆ ಎತ್ತಿಕೊಂಡು ಹೋಗಿ. 108ಕ್ಕೆ ಕರೆ ಮಾಡುವಾಗಲೇ ಕಚ್ಚಿದ ಹೊತ್ತನ್ನು ಬರೆದಿಟ್ಟುಕೊಳ್ಳಿ.