ನಾಲ್ಕು ಕೋಣೆ ಕಂಡರೆ ಸಾಲದು

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯ ಹೆಚ್ಚೂಕಡಿಮೆ ಒಂದು ದ್ರಾಕ್ಷಿಯಷ್ಟಿರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದರ ನಾಲ್ಕು ಕೋಣೆ ಕಂಡರೆ ಸಾಕು, ‘ಹೃದಯ ನಾರ್ಮಲ್’ ಅಂತ ಬರೆದುಬಿಡುತ್ತಿದ್ದೆ. ಹಾಗೆ ಬರೆದಿದ್ದ ಒಂದು ಮಗು ಹುಟ್ಟಿದ ಮಾರನೇ ದಿನವೇ ನೀಲಿಗಟ್ಟಿತು. ಆಕ್ಸಿಜನ್ ಕೊಟ್ಟರೂ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇ. 70 ದಾಟಲಿಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿದೆ. ಮೈಗೆಲ್ಲ ರಕ್ತ ಒಯ್ಯುವ ಮಹಾಧಮನಿ ಹುಟ್ಟಬೇಕಾದ ಕಡೆ ಶ್ವಾಸಕೋಶದ ನಾಳ, ಅದರ ಜಾಗದಲ್ಲಿ ಮಹಾಧಮನಿ. ಎರಡೂ ಅದಲುಬದಲು. ಹಳೇ ಚಿತ್ರ ತೆಗೆದು ನೋಡಿದರೆ ನಾಲ್ಕು ಕೋಣೆ ಸರಿಯಾಗೇ ಇದ್ದವು. ಈ ದೋಷದಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತವೆ. ನಾನು ಅದಕ್ಕಿಂತ ಮೇಲಕ್ಕೆ ನೋಡಿಯೇ ಇರಲಿಲ್ಲ. ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ರಕ್ತನಾಳವೊಂದನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಔಷಧಿಯ ಡ್ರಿಪ್ ಹಾಕಿ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ಕಳಿಸಿದೆವು. ಆಪರೇಷನ್ ಆಗಿ ಮಗು ಉಳಿಯಿತು. ಆದರೆ ಅವತ್ತು ಮಗುವಿನ ಜೊತೆ ಹೋದದ್ದು ಅಪ್ಪ. ಸಿಸೇರಿಯನ್ ಆಗಿದ್ದ ತಾಯಿ ವಾರ್ಡಿನಲ್ಲೇ ಉಳಿದರು. ಅವರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಈಗ ಮೊದಲು ಮಗುವಿನ ಎಡ ಯಾವುದು ಅಂತ ಗೊತ್ತುಮಾಡಿಕೊಳ್ಳುತ್ತೇನೆ. ಜಠರ, ಹೃದಯ ಎರಡೂ ಎಡಗಡೆಗೇ ಇರಬೇಕು. ನಾಲ್ಕು ಕೋಣೆ ಕಂಡ ಮೇಲೆ ಪ್ರೋಬನ್ನು (ಹೊಟ್ಟೆಯ ಮೇಲಿಟ್ಟು ನೋಡುವ ಸಾಧನ) ಮಗುವಿನ ತಲೆ ಕಡೆಗೆ ಚೂರೇ ಚೂರು ವಾಲಿಸುತ್ತೇನೆ. ಎಡ ಕೋಣೆಯಿಂದ ಮಹಾಧಮನಿ ಕಾಣುತ್ತದೆ. ಇನ್ನೊಂಚೂರು ವಾಲಿಸಿದರೆ ಬಲ ಕೋಣೆಯಿಂದ ಎದ್ದ ನಾಳ ಅದನ್ನು ಅಡ್ಡ ಹಾಯುತ್ತದೆ, ಕತ್ತರಿ ಇಟ್ಟ ಹಾಗೆ. ಆ ಕತ್ತರಿ ಸಿಗದೆ ಎರಡೂ ರೈಲು ಹಳಿಯ ಹಾಗೆ ಅಕ್ಕಪಕ್ಕ ಹೋದರೆ ಕೈ ಅಲ್ಲೇ ನಿಲ್ಲಬೇಕು. ಆಗ ಎಡ ಕೋಣೆಯಿಂದ ಹೊರಟ ನಾಳದ ಹಿಂದೆಯೇ ಹೋಗುತ್ತೇನೆ. ಅದು ಬೇಗನೆ ಎರಡಾಗಿ ಕವಲೊಡೆದರೆ ಶ್ವಾಸಕೋಶದ್ದೇ, ಅಂದರೆ ನಾಳಗಳು ಅದಲುಬದಲಾಗಿವೆ.

ರಕ್ತದ ಹರಿವು ನೋಡಲು ಕಲರ್ ಹಾಕಿದಾಗ ಪರದೆಯಲ್ಲಿ ನೀಲಿ ಕಂಡು ಮನೆಯವರು ಗಾಬರಿಯಾಗುತ್ತಾರೆ. ಪ್ರೋಬ್‌ನಿಂದ ದೂರ ಹೋಗುವ ರಕ್ತ ನೀಲಿ, ಹತ್ತಿರ ಬರುವುದು ಕೆಂಪು, ಅಷ್ಟೇ.

ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಪಕ್ಕೆಲುಬಿನ ನೆರಳು ಬಿದ್ದು ಏನೂ ಕಾಣುವುದಿಲ್ಲ. ಆಗ ಸುಮ್ನೆ ಜಾಸ್ತಿ ಒತ್ತಬಾರದು. “ಸ್ವಲ್ಪ ಓಡಾಡಿ ಬನ್ನಿಮ್ಮಾ” ಅಂತ ಕಳಿಸುತ್ತೇನೆ. ಬಂದ ಮೇಲೂ ಮಗು ಹೊರಳಿರದಿದ್ದರೆ ಮತ್ತೊಮ್ಮೆ ಕಳಿಸುತ್ತೇನೆ.

ಮೊನ್ನೆ ಒಬ್ಬರಲ್ಲಿ ಆ ಹಳಿ ಕಂಡಿತು. ವಿಷಯ ಹೇಳಿದೆ. ಜೊತೆಗಿದ್ದ ಅತ್ತೆ ಮೆಲ್ಲಗೆ, “ಗ್ರಹಣದ ದಿನ ಇವಳು ಹೊರಗೆ ಬಂದಿದ್ದಳು, ಅದಕ್ಕಾ ಡಾಕ್ಟ್ರೇ?” ಅಂದರು. ಸೊಸೆ ತಲೆ ತಗ್ಗಿಸಿದಳು. “ಇಲ್ಲಮ್ಮಾ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೂರನೇ ತಿಂಗಳು ಮುಗಿಯೋ ಹೊತ್ತಿಗೆ ಹೃದಯದ ರೂಪ ಬಂದುಬಿಟ್ಟಿರುತ್ತೆ. ಇವಳ ತಪ್ಪು ಏನೂ ಇಲ್ಲ” ಅಂದೆ. ರಿಪೋರ್ಟಿನ ಹಿಂದೆ ಎರಡು ಗೆರೆ ಎಳೆದು ತೋರಿಸಿದೆ. ಮಕ್ಕಳ ಹೃದಯದ ಆಪರೇಷನ್ ಮಾಡುವ ಆಸ್ಪತ್ರೆಯಲ್ಲೇ ಹೆರಿಗೆ ಅಂತ ಅವತ್ತೇ ಗೊತ್ತುಮಾಡಿದೆವು. ಈ ಸಲ ತಾಯಿ, ಮಗು ಒಂದೇ ಕಟ್ಟಡದಲ್ಲಿರುತ್ತಾರೆ.