ಹಾಸಿಗೆ ಹಿಡಿದವರ ಚಲನೆ ಅಳೆಯುವುದು ಹೇಗೆ?

ನಡೆಸಿ ನೋಡುವ ಯಾವ ಪರೀಕ್ಷೆಯಲ್ಲೂ ಹಾಸಿಗೆ ಹಿಡಿದವರಿಗೆ ಸಿಗುವುದು ಸೊನ್ನೆ. ಹದಿನೈದು ದಿನ ಕಳೆದು ತಾವಾಗಿ ಮಗ್ಗುಲಾಗುವಷ್ಟು ಚೇತರಿಸಿಕೊಂಡರೂ ಮತ್ತೆ ಸೊನ್ನೆಯೇ. ಅವರನ್ನು ಮಂಚದ ಮೇಲೇ ಅಳೆಯಬೇಕು. ಚಲನೆ ಅಳೆಯುವ, 15 ಅಂಶಗಳ, 100 ಅಂಕಗಳ 'ಡೆಮ್ಮಿ' (DEMMI) ಅಳತೆಪಟ್ಟಿ ಶುರುವಾಗುವುದೂ ಹಾಸಿಗೆಯಿಂದಲೇ.

1. ಮೂಳೆ ಮುರಿತವಿದ್ದರೆ ಡಾಕ್ಟರನ್ನು ಕೇಳಿ. ಮಂಚದ ಬ್ರೇಕ್ ಹಾಕಿ, ಡ್ರಿಪ್, ಯೂರಿನ್ ಬ್ಯಾಗಿನ ಪೈಪು ಎಳೆಯದಂತೆ ಸಡಿಲ ಬಿಡಿ.

2. ಮಂಡಿ ಮಡಚಿ ಸೊಂಟ ಎತ್ತಿಸಿ; ಬೆಡ್‌ಪ್ಯಾನ್ ಇಡಲು ಎಷ್ಟು ಜನ ಬೇಕೆಂಬುದು ಇಲ್ಲೇ ತಿಳಿಯುತ್ತದೆ. ಆಮೇಲೆ, "ಯಜಮಾನ್ರೇ, ಬಲಗಡೆ ಮಗ್ಗುಲಾಗಿ" ಎಂದು ಹೇಳಿ ಸುಮ್ಮನೆ ಕಾಯಿರಿ. ನಿತ್ರಾಣ ಇರುವವರಿಗೆ ಶುರು ಮಾಡಲಿಕ್ಕೇ ಹತ್ತು-ಹದಿನೈದು ಸೆಕೆಂಡು ಬೇಕು. ಏರ್‌ಬೆಡ್ ಇದ್ದರೆ ಗಟ್ಟಿ ಮೋಡ್‌ಗೆ ಹಾಕಿ. ಮೆತ್ತಗಿದ್ದರೆ ಶಕ್ತಿಯಿದ್ದವರೂ ಹೊರಳಲಾರರು. ಎಳೆದುಕೊಂಡು ಏಳಲೆಂದು ಮನೆಯವರು ಮಂಚದ ಕಾಲಿಗೆ ಹಳೇ ಸೀರೆ ಕಟ್ಟಿರುತ್ತಾರೆ. ಅಳೆಯುವಾಗ ಅದು ಬೇಡ. ಅದನ್ನು ಹಿಡಿದು ಎದ್ದರೆ ತೋಳಿನ ಬಲ ಕಾಣುತ್ತದೆಯೇ ಹೊರತು ಸೊಂಟದ್ದಲ್ಲ.

3. ಎಲ್ಲರೂ ಕೆಡಿಸುವುದು ಕೂರಿಸುವಾಗ. ಕಂಕುಳಿಗೆ ಕೈ ಹಾಕಿ ಒಂದೇ ಏಟಿಗೆ ಎಬ್ಬಿಸಿದರೆ ನೀವು ಅಳೆದದ್ದು ನಿಮ್ಮ ಶಕ್ತಿಯನ್ನು. ಲಕ್ವ ಹೊಡೆದ ತೋಳನ್ನಂತೂ ಎಳೆಯಲೇಬೇಡಿ, ಭುಜದ ಕೀಲು ಜಾರುತ್ತದೆ. ಮೊದಲು ಮಗ್ಗುಲು, ಆಮೇಲೆ ಕಾಲು ಕೆಳಕ್ಕೆ, ಕೊನೆಗೆ ಮೊಣಕೈ ಊರಿ ಮೈ ಮೇಲಕ್ಕೆ. ಯಾವ ಹಂತದಲ್ಲಿ ಮುಂದೆ ಹೋಗಲಾರರೋ ಅಲ್ಲಿ ಮಾತ್ರ ಆಸರೆ ಕೊಡಿ.

ಕೂತ ಮೇಲೆ ಪಾದ ನೋಡಿ. ವಾರ್ಡಿನ ಮಂಚ ಎತ್ತರ. ಕಾಲು ನೇತಾಡಿದರೆ ಯಾರೇ ಆದರೂ ವಾಲುತ್ತಾರೆ. ಮೈಸೂರು, ಮಂಡ್ಯದ ವಾರ್ಡುಗಳಲ್ಲಿ ಸಿಗುವ ಕಬ್ಬಿಣದ ಮೆಟ್ಟಿಲು ಸ್ಟೂಲನ್ನು ಪಾದದಡಿ ಇಡಿ. ರಬ್ಬರ್ ಬುಷ್ ಸವೆದಿದ್ದರೆ ಅದು ಜಾರುತ್ತದೆ, ಬೇರೆ ತರಿಸಿ. ಬೆರಳು ಹಾಸಿಗೆಯ ಅಂಚನ್ನು ಬಿಗಿ ಹಿಡಿದಿದ್ದರೆ ಅದು ಕೂರುವುದಲ್ಲ, ಜೋತುಬೀಳುವುದು. ಕೈಗಳನ್ನು ತೊಡೆಯ ಮೇಲಿಡಿಸಿ, ಬಲ ಕಡಿಮೆಯಿರುವ ಪಕ್ಕದಲ್ಲಿ ನಿಂತು ಹತ್ತು ಸೆಕೆಂಡು ಎಣಿಸಿ.

ಬಿ.ಪಿ. ಮಲಗಿದ್ದಾಗ ಒಮ್ಮೆ, ಕೂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಇಳಿದರೆ ಅಥವಾ ತಲೆ ಸುತ್ತಿದರೆ ಮಲಗಿಸಿ ಡ್ಯೂಟಿ ಡಾಕ್ಟರಿಗೆ ತಿಳಿಸಿ. ಆಮ್ಲಜನಕವನ್ನೂ ನೋಡುವುದಿದ್ದರೆ, ಆಕ್ಸಿಮೀಟರನ್ನು ತಣ್ಣಗಿರುವ ಬೆರಳಿಗೆ, ನೇಲ್‌ಪಾಲಿಶ್ ಹಚ್ಚಿದ ಉಗುರಿಗೆ ಹಾಕಿ ನಂಬಬೇಡಿ.

4. ಕೂತು ತಾಳಿಕೊಂಡರೆ ಮಾತ್ರ ಎಬ್ಬಿಸಿ ನಿಲ್ಲಿಸುವ ಮಾತು, ಅದೂ ಹಿಡಿಯಲು ಇಬ್ಬರಿದ್ದಾಗ.

5. "ಸಹಾಯ ಬೇಕು" ಎಂದಷ್ಟೇ ಬರೆದರೆ ನಾಳೆ ಬರುವವರಿಗೆ ಏನೂ ತಿಳಿಯದು. "ಕಾಲು ಇಳಿಸಲು ಒಬ್ಬರು ಬೇಕಾಯಿತು, ಮೈ ಎತ್ತಿದ್ದು ಅವರೇ, ಕೈ ಬಿಟ್ಟು 6 ಸೆಕೆಂಡು ಕೂತರು" ಎಂದು ಬರೆಯಿರಿ. ನೋವಿನ ಮಾತ್ರೆ ಕೊಟ್ಟ ಹೊತ್ತನ್ನೂ ಸೇರಿಸಿ. ಮುಂದಿನ ಸಲ ಅದೇ ಹೊತ್ತಿಗೆ ಅಳೆಯಿರಿ.