ಅಂಬಾಸಿಡರಿಗೆ ಟೈಮಿಂಗ್ ಕೂರಿಸಿದ್ದು

ಕುಮಟೆಯಂಥ ಕಡಲ ಬದಿಯ ಊರಲ್ಲಿ ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸಣ್ಣ ಸ್ವಿಚ್ಚು) ಇರುವ ಹಳೇ ಕಾರು ಇಟ್ಟುಕೊಂಡ ಮೇಲೆ ಇಗ್ನಿಷನ್, ಅಂದರೆ ಎಂಜಿನ್ನಿಗೆ ಕಿಡಿ ಕೊಡುವ ಭಾಗದ, ಕೆಲಸ ಕಲಿಯದೆ ವಿಧಿಯಿಲ್ಲ. ಉಪ್ಪುಗಾಳಿ ಮೊದಲು ಬಾಯಿ ಹಾಕುವುದೇ ವೈರಿನ ತುದಿಗಳಿಗೆ. ನನ್ನದು 1972ರ ಮಾರ್ಕ್ 2 ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಈಗಿನ ಗ್ಯಾರೇಜ್ ಹುಡುಗರು ಸ್ಕ್ಯಾನರ್ ಸಿಕ್ಕಿಸಲು ಜಾಗ ಹುಡುಕುತ್ತಾರೆ, ಪಾಯಿಂಟ್ ಗೊತ್ತಿದ್ದ ಮಿಸ್ತ್ರಿಗಳು ಒಬ್ಬೊಬ್ಬರಾಗಿ ಕೆಲಸ ಬಿಟ್ಟಿದ್ದಾರೆ.

ಗಾಡಿ ಐಡಲ್‌ನಲ್ಲಿ ಮಿಸ್ ಹೊಡೆಯುತ್ತಿತ್ತು, ಏರಿನಲ್ಲಿ ಎಳೆತ ಇರಲಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಸರದಿಯಲ್ಲಿ ಕಿಡಿ ಹಂಚುವ ಭಾಗ) ಕ್ಲಾಂಪ್ ಸಡಿಲಿಸಿ, ಸದ್ದು ಕೇಳುತ್ತ ಆಚೀಚೆ ತಿರುಗಿಸಿ ಬಿಗಿದುಬಿಡುತ್ತಾರೆ. ಅದು ಕೊನೆಗೆ ಮಾಡುವ ಕೆಲಸ. ಒಳಗಿನ ಶಾಫ್ಟೇ ಅಲ್ಲಾಡುತ್ತಿದ್ದರೆ ನೀವು ಇಟ್ಟ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಎಲ್ಲಿ ನಿಂತೀತು?

ಹಾಗಾಗಿ ಡಿಸ್ಟ್ರಿಬ್ಯೂಟರನ್ನೇ ಹೊರಗೆ ತೆಗೆದೆ. ಎಂಜಿನ್ನಿಗೆ ಸಿಕ್ಕಿಕೊಳ್ಳುವ ಅದರ ಬುಡದ ನಾಲಿಗೆ ನಡುವಿಗೆ ಸರಿಯಾಗಿರದೆ ಒಂದು ಬದಿಗೆ ಸರಿದಿರುತ್ತದೆ, ಆದ್ದರಿಂದ ತಿರುಗಾ ಮುರುಗಾ ಕೂರುವ ಭಯವಿಲ್ಲ. ಶಾಫ್ಟನ್ನು ಬೆರಳಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಕಟಕಟ ಸದ್ದು. ಶಾಫ್ಟ್ ಕೂತು ತಿರುಗುವ ಕೊಳವೆ, ಬುಷ್, ಸವೆದಿತ್ತು. ಹುಬ್ಬಳ್ಳಿಯಲ್ಲಿ ಲೇತಿಗೆ ಕೊಟ್ಟು ಹೊಸ ಬುಷ್ ಹಾಕಿಸಿದೆ. ಪಾಯಿಂಟ್ ಪ್ಲೇಟಿನ ಕೆಳಗೆ ಎರಡು ತೂಕ, ಎರಡು ಸ್ಪ್ರಿಂಗ್ ಇವೆ. ವೇಗ ಹೆಚ್ಚಿದ ಹಾಗೆ ಕಿಡಿಯನ್ನು ಮುಂದಕ್ಕೆ ತರುವುದು ಇವುಗಳ ಕೆಲಸ. ಒಂದು ಸ್ಪ್ರಿಂಗ್ ಬಿಗಿ, ಇನ್ನೊಂದು ಸಡಿಲ ಕಂಡೀತು. ಅದು ಹಾಗೇ ಇರಬೇಕು, ಜೋಡಿ ಮಾಡಲು ಹೋಗಬೇಡಿ. ಎಂಜಿನ್ನಿನ ಹೀರುವಿಕೆಯಿಂದ ಪ್ಲೇಟನ್ನು ಸರಿಸಿ ಕಿಡಿಯನ್ನು ಮುಂದೆ ತರುವ ವ್ಯಾಕ್ಯೂಮ್ ಡಬ್ಬಿಯ ಪೈಪಿಗೆ ಬಾಯಿಟ್ಟು ಹೀರಿದೆ. ಪ್ಲೇಟು ಸರಿದು, ನಾಲಿಗೆಯಿಂದ ಪೈಪಿನ ಬಾಯಿ ಮುಚ್ಚಿದಾಗ ಅಲ್ಲೇ ನಿಂತಿತು. ಡಬ್ಬಿಯೊಳಗಿನ ಪೊರೆ, ಡಯಾಫ್ರಾಮ್, ಹರಿದಿಲ್ಲ ಎಂದಾಯಿತು.

ಹೊಸ ಪಾಯಿಂಟ್ ಕೂರಿಸುವಾಗ ತಾಳ್ಮೆ ಬೇಕಾಗುವುದು ಅದರ ಸ್ಪ್ರಿಂಗ್ ಸಿಕ್ಕಿಸುವ ಸಣ್ಣ ಕಂಬದ ಹತ್ತಿರ. ಪಾಯಿಂಟಿನ ಸ್ಪ್ರಿಂಗ್, ಕಾಯಿಲ್ ಕಡೆಯ ವೈರು, ಕಂಡೆನ್ಸರ್ ವೈರು ಮೂರೂ ಒಂದಕ್ಕೊಂದು ತಾಗಬೇಕು, ಆದರೆ ಕಂಬಕ್ಕಾಗಲಿ ನಟ್ಟಿಗಾಗಲಿ ತಾಗಕೂಡದು. ನಡುವೆ ಬರುವ ಪ್ಲಾಸ್ಟಿಕ್ ಬುಷ್ಷಿನ ಕತ್ತಿನ ಸುತ್ತ ಎರಡು ವೈರಿನ ತುದಿಯ ಕಣ್ಣು (ಉಂಗುರ) ಹಾಕಿ, ಮೇಲಿಂದ ನಟ್ಟು ಬಿಗಿಯಬೇಕು. ಕಣ್ಣಿನ ಅಂಚು ಕೂದಲೆಳೆಯಷ್ಟು ಕಂಬಕ್ಕೆ ಮುಟ್ಟಿದರೂ ಕರೆಂಟು ಅರ್ಥ್‌ಗೆ (ಗಾಡಿಯ ಲೋಹದ ಮೈಗೆ) ಹೋಗಿ ಕಿಡಿ ಹುಟ್ಟುವುದೇ ಇಲ್ಲ. ಪ್ಲೇಟಿನಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಬರುವ ಗಿಡ್ಡ ಅರ್ಥ್ ವೈರನ್ನೂ ಎಳೆದು ನೋಡಿ. ದಿನವಿಡೀ ಪ್ಲೇಟಿನ ಜೊತೆ ಅಲುಗಾಡಿ ಅದು ಒಳಗೊಳಗೇ ತುಂಡಾಗುತ್ತದೆ.

ಶಾಫ್ಟಿನ ಮೇಲಿನ ಮೂಲೆಗಳಿರುವ ಭಾಗವೇ ಕ್ಯಾಮ್, ಅದಕ್ಕೆ ಉಜ್ಜುವುದು ಪಾಯಿಂಟಿನ ಹಿಮ್ಮಡಿ. ಕ್ಯಾಮಿನ ಮೂಲೆ ಹಿಮ್ಮಡಿಯನ್ನು ಪೂರ್ತಿ ಎತ್ತಿದಾಗ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು), ಅಂದರೆ 0.38 ಮಿ.ಮೀ. ಗ್ಯಾಪ್ ಇಟ್ಟೆ. ಕ್ಯಾಮಿಗೆ ಗ್ರೀಸು ಸವರಿದ ಹಾಗೆ ಮಾತ್ರ, ಹೆಚ್ಚಾದರೆ ಸಿಡಿದು ಪಾಯಿಂಟ್ ಮೇಲೆ ಕೂತು ಸುಡುತ್ತದೆ. ಗ್ಯಾಪ್ ಮುಗಿಯದೆ ಟೈಮಿಂಗಿಗೆ ಕೈ ಹಾಕಬಾರದು. ಗ್ಯಾಪ್ ಹಿಗ್ಗಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ತಾನಾಗಿ ಮುಂದೆ ಬರುತ್ತದೆ. ಮೊದಲು ಟೈಮಿಂಗ್, ಆಮೇಲೆ ಗ್ಯಾಪ್ ಎಂದು ಹೊರಟರೆ ಎರಡನೇ ಸಲ ಟೈಮಿಂಗ್ ಮಾಡುವುದು ಖಂಡಿತ.

ಡಿಸ್ಟ್ರಿಬ್ಯೂಟರನ್ನು ಮತ್ತೆ ಎಂಜಿನ್ನಿಗೆ ಕೂರಿಸಿ, ಪ್ಲಗ್ಗುಗಳನ್ನು ಬಿಚ್ಚಿಟ್ಟು, ಅಕ್ಕನ ಮಗನ ಕೈಗೆ ಎಂಜಿನ್ ತಿರುಗಿಸುವ ಹ್ಯಾಂಡಲ್ ಕೊಟ್ಟೆ. ವಾಲ್ವ್ ಕವರ್ ತೆಗೆದಿದ್ದರಿಂದ ಸುಲಭವಾಯಿತು: ನಾಲ್ಕನೇ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತ ಇನ್ನೊಂದು ತೆರೆಯುವ ಹೊತ್ತಿಗೆ ಒಂದನೆಯದರ ಪಿಸ್ಟನ್ ಕಂಪ್ರೆಷನ್ ತುದಿಯಲ್ಲಿ, ಅಂದರೆ ಮಿಶ್ರಣವನ್ನು ಒತ್ತಿ ಪೂರ್ತಿ ಮೇಲೆ, ಇರುತ್ತದೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ತಲೆಯಲ್ಲಿ ತಿರುಗುವ ರೋಟರ್ ಆಗ ಒಂದನೇ ಪ್ಲಗ್ಗಿನ ವೈರಿನ ಕಡೆ ನೋಡಬೇಕು. ರೋಟರ್ ಎಡಸುತ್ತು ತಿರುಗುತ್ತದೆ, ವೈರಿನ ಸಾಲು 1-3-4-2. 12 ವೋಲ್ಟಿನ ಬಲ್ಬಿನ ಒಂದು ತುದಿ ಡಿಸ್ಟ್ರಿಬ್ಯೂಟರಿನ ಸಣ್ಣ ವೈರಿಗೆ, ಇನ್ನೊಂದು ಎಂಜಿನ್ ಬಾಡಿಗೆ. ಕೀಲಿ ಆನ್. ಪಾಯಿಂಟ್ ತೆರೆದ ಕ್ಷಣ ಬಲ್ಬ್ ಹತ್ತುತ್ತದೆ. ನಾನು ಅಡಿಯಲ್ಲಿ ಮಲಗಿ ಎಂಜಿನ್ ಪುಲ್ಲಿಯ ಮೇಲಿನ ಗುರುತಿನ ಕಚ್ಚು ನೋಡುತ್ತಿದ್ದೆ.

"ಮಾವ, ಹತ್ತಿತು!"

"ನಿಲ್ಸು. ಹಿಂದೆ ತಿರುಗಿಸ್ಬೇಡ ಮಾರಾಯ, ಮತ್ತೆ ಒಂದು ಸುತ್ತು ಬಾ."

ಹಿಂದಕ್ಕೆ ತಿರುಗಿಸಿದರೆ ಚೈನು, ಗಿಯರಿನ ಸಡಿಲ ಲೆಕ್ಕ ತಪ್ಪಿಸುತ್ತದೆ. ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಬಲಸುತ್ತಿಗೆ ತಿರುಗಿಸಿದರೆ ಅಡ್ವಾನ್ಸ್ (ಕಿಡಿ ಬೇಗ), ಎಡಕ್ಕೆ ರಿಟಾರ್ಡ್ (ಕಿಡಿ ತಡ). ತುದಿಗಿಂತ 5 ಡಿಗ್ರಿ ಮೊದಲಿನ ಗುರುತಿನಲ್ಲಿ ಬಲ್ಬ್ ಹತ್ತುವಂತೆ ಮಾಡಿ ಕ್ಲಾಂಪ್ ಬಿಗಿದೆ.

ಪುಸ್ತಕದ ಲೆಕ್ಕ ಇಷ್ಟಕ್ಕೆ ಮುಗಿಯಿತು. ಉಳಿದದ್ದನ್ನು ದೇವಿಮನೆ ಘಟ್ಟ ಹೇಳಬೇಕು. ಶಿರಸಿ ಕಡೆ ಏರುವಾಗ ಮೂರನೇ ಗಿಯರಿನಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿದೆ. ಡಬ್ಬಿಯಲ್ಲಿ ಗುಂಡು ಅಲ್ಲಾಡಿಸಿದಂಥ ನಾಕಿಂಗ್ ಕೇಳಿತು, ಅಂದರೆ ಕಿಡಿ ಇನ್ನೂ ಬೇಗ ಹಾರುತ್ತಿದೆ. ವ್ಯಾಕ್ಯೂಮ್ ಡಬ್ಬಿಯ ಪಕ್ಕದ ಗೀರುಗೀರಿನ ನಟ್ಟನ್ನು R (ರಿಟಾರ್ಡ್) ಗುರುತಿನ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಅದೇ ಏರನ್ನು ಮತ್ತೆ ಹತ್ತಿಸಿದೆ. ನಾಕಿಂಗ್ ನಿಂತು ಎಳೆತ ಉಳಿದ ಜಾಗದಲ್ಲಿ ಬಿಟ್ಟೆ. ಟೈಮಿಂಗ್ ಲೈಟ್ ಇಲ್ಲದೆಯೂ ಇಷ್ಟು ಸಾಧ್ಯ. ಇಂಥ ಎಂಜಿನ್ನಿಗೆ ಘಟ್ಟಕ್ಕಿಂತ ನಿಖರವಾದ ಮೀಟರ್ ನನಗೆ ಬೇಕಾಗಿಲ್ಲ.

ಹೊಸ ಪಾಯಿಂಟಿನ ಹಿಮ್ಮಡಿ ಮೊದಮೊದಲು ಬೇಗ ಸವೆದು ಗ್ಯಾಪ್ ಕುಗ್ಗುತ್ತದೆ, ಆದ್ದರಿಂದ ಸ್ವಲ್ಪ ಓಡಿಸಿದ ಮೇಲೆ ಗ್ಯಾಪ್ ಅಳೆಯುವ ಫೀಲರ್ ಗೇಜ್ ಮತ್ತೆ ಹಾಕಿ ನೋಡಬೇಕು. ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಟೈಮಿಂಗಿಗೆ ಕೈ ಹಚ್ಚದೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಮೈ ಒಣಬಟ್ಟೆಯಲ್ಲಿ ಒರೆಸಿ. ಹಳೇ ರೋಟರ್ ಚೆನ್ನಾಗಿದ್ದರೆ ಎಸೆಯಬೇಡಿ, ಈಗ ಸಿಗುವ ರಿವೆಟ್ಟಿನ ಅಗ್ಗದ ರೋಟರುಗಳಲ್ಲಿ ಕಿಡಿ ರಿವೆಟ್ಟಿನ ಮೂಲಕ ಶಾಫ್ಟಿಗೆ ಹಾರುವುದುಂಟು.